ಬದುಕಲಾಗದವರೂ ಪಾಠದಲ್ಲಿರಲಿ

ಪ್ರಾಥಮಿಕ ಶಾಲೆಯಲ್ಲಿ ಜೀವಿಗಳ ಆವಾಸದ ಪಾಠ ಬಂತೆಂದರೆ ಮಕ್ಕಳ ಮುಂದೆ ಹೆಚ್ಚಾಗಿ ಬರುವುದು ಒಂದೇ ಬಗೆಯ ಅಭ್ಯಾಸ. ಎಡಗಡೆ ಒಂಟೆ, ಹಿಮಕರಡಿ, ತಾವರೆ, ಪಾಪಾಸುಕಳ್ಳಿ. ಬಲಗಡೆ ಕೆರೆ, ಮರುಭೂಮಿ, ಧ್ರುವಪ್ರದೇಶ. ಹೊಂದಿಸಿ ಬರೆಯಿರಿ. ಬೆಂಗಳೂರಿನ ವಿಜಯನಗರದ ಎಂಟು ವರ್ಷದ ಮಗು ಇದನ್ನು ತಡವರಿಸದೆ ಬರೆಯುತ್ತದೆ. ಒಂಟೆಯ ಡುಬ್ಬದಲ್ಲಿರುವುದು ನೀರಲ್ಲ, ಕೊಬ್ಬು ಎಂಬುದೂ ಅದಕ್ಕೆ ಗೊತ್ತು. ದೂರದ ಪ್ರಾಣಿಗಳ ಬಗ್ಗೆ ಬೆರಗು ಮಕ್ಕಳಿಗೆ ಬೇಕೇ ಬೇಕು. ಒಂಟೆಯನ್ನು ಪುಸ್ತಕದಿಂದ ಹೊರಗೆ ಅಟ್ಟಿ ಎಂದು ನಾನು ಹೇಳುತ್ತಿಲ್ಲ. ನನ್ನ ತಕರಾರು ಬೇರೆ. ಪ್ರತಿಯೊಂದು ಜೀವಿಗೂ ಒಂದು ಮನೆ ಸಿದ್ಧವಾಗಿದೆ, ಆ ಮನೆಗೆ ತಕ್ಕ ಮೈಯೂ ಸಿಕ್ಕಿದೆ, ಎಲ್ಲವೂ ನೆಮ್ಮದಿಯಾಗಿವೆ ಎಂಬ ಚಿತ್ರ ಈ ಪಾಠದಿಂದ ಮಗುವಿನ ಮನಸ್ಸಿನಲ್ಲಿ ನಿಲ್ಲುತ್ತದೆ. ಆ ಪಟ್ಟಿಯಲ್ಲಿ ಸೋತ ಜೀವಿ ಒಂದೂ ಇಲ್ಲ. ಯಾರಿಗೆ ಬದುಕಲಾಗಲಿಲ್ಲ ಎಂಬುದನ್ನು ಬಿಟ್ಟು, ಬದುಕಿದವರು ಹೇಗೆ ಬದುಕಿದರು ಎಂಬುದನ್ನು ಕಲಿಸಲು ಬರುವುದಿಲ್ಲ. ಅದನ್ನು ಮಕ್ಕಳು ದೊಡ್ಡವರಾಗುವವರೆಗೆ ಮುಂದೂಡಬೇಕಾದ ಕಾರಣವೂ ನನಗೆ ಕಾಣುತ್ತಿಲ್ಲ.

ರಾಜಾಜಿನಗರದ ಒಂದು ಬೀದಿಯನ್ನೇ ನೋಡೋಣ. ಅಲ್ಲಿನ ಮಕ್ಕಳಿಗೆ ಗುಬ್ಬಕ್ಕ ಗೊತ್ತಿರುವುದು ಕಾಗಕ್ಕ ಗುಬ್ಬಕ್ಕನ ಕತೆಯಿಂದ. ಪಾರಿವಾಳ ಮಾತ್ರ ಬಾಲ್ಕನಿಗೆ ಬಲೆ ಹಾಕಿಸಿದರೂ ಬಿಡದಷ್ಟು ಪರಿಚಯ. 2020ರಲ್ಲಿ ಬಂದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿ, ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಿ ಹೆಚ್ಚುಕಡಿಮೆ ಸ್ಥಿರವಾಗಿದೆ, ಆದರೆ ಬೆಂಗಳೂರೂ ಸೇರಿ ದೊಡ್ಡ ನಗರಗಳಲ್ಲಿ ಕಡಿಮೆಯಾಗಿದೆ ಎಂದು ಹೇಳಿತು. ಮೊಬೈಲ್ ಟವರೇ ಕಾರಣ ಎಂಬ ಜನಪ್ರಿಯ ಮಾತಿಗೆ ಆಧಾರ ಸಿಕ್ಕಿಲ್ಲವೆಂದೂ ಹೇಳಿತು. ಪಾರಿವಾಳದ ಸಂಖ್ಯೆಯಾದರೋ ಏರುತ್ತಿದೆ. ಎರಡೂ ಕಾಳು ತಿನ್ನುವ ಹಕ್ಕಿಗಳು, ಎರಡೂ ಮನುಷ್ಯರ ನಡುವೆಯೇ ಇರುವಂಥವು. ಹಾಗಿದ್ದ ಮೇಲೆ ಒಂದು ಏಕೆ ಉಳಿಯಿತು, ಇನ್ನೊಂದು ಏಕೆ ಹೋಯಿತು?

ಪಾರಿವಾಳ ಮೂಲತಃ ಬಂಡೆಯ ಹಕ್ಕಿ. ಕಡಿದಾದ ಬೆಟ್ಟದ ಮೈಯಲ್ಲಿ, ಕಲ್ಲಿನ ಅಂಚಿನಲ್ಲಿ ಮೊಟ್ಟೆಯಿಡುತ್ತಿದ್ದ ಹಕ್ಕಿಗೆ ಐದನೇ ಮಹಡಿಯ ಸಜ್ಜಾ, ಎ.ಸಿ. ಯಂತ್ರದ ಹಿಂಬದಿ, ಬಚ್ಚಲುಮನೆಯ ಕಿಟಕಿಯ ಅಂಚು ಹೊಸದೇನಲ್ಲ. ಗೂಡು ಎಂದರೆ ನಾಲ್ಕು ಕಡ್ಡಿ, ಎರಡು ಬಿಳಿ ಮೊಟ್ಟೆ. ಅದರ ನಿಜವಾದ ಬಲ ಇರುವುದು ಮರಿ ಸಾಕುವ ಬಗೆಯಲ್ಲಿ. ತಿಂದ ಕಾಳು ಮೊದಲು ಇಳಿಯುವ ಗಂಟಲಿನ ಚೀಲದ ಒಳಪದರದಿಂದ ಗಂಡು ಹೆಣ್ಣು ಎರಡೂ ಒಡೆದ ಹಾಲಿನಂಥ ಆಹಾರವನ್ನು ತಾವೇ ತಯಾರಿಸಿ ಮರಿಯ ಬಾಯಿಗೆ ಹಾಕುತ್ತವೆ. ಹಾಗಾಗಿ ತಾಯಿತಂದೆಗೆ ಕಾಳು ಸಿಕ್ಕರೆ ಮರಿಯೂ ಬದುಕುತ್ತದೆ. ಗುಬ್ಬಿಯ ಮರಿಗೆ ಆ ಸೌಲಭ್ಯವಿಲ್ಲ. ದೊಡ್ಡ ಗುಬ್ಬಿ ನುಚ್ಚು ತಿಂದು ದಿನ ದೂಡಬಹುದು, ಮೊದಲ ದಿನಗಳ ಮರಿಗೆ ಮಾತ್ರ ಮೆತ್ತನೆಯ ಹುಳು ಬೇಕು. ಹಿತ್ತಲಿನ ಹೀರೆ ಬಳ್ಳಿ, ಬೇಲಿಯ ಗಿಡ, ಬಚ್ಚಲ ನೀರು ಹರಿಯುವ ಜಾಗದ ಕಳೆ ಇದ್ದಾಗ ಆ ಹುಳು ಸಿಗುತ್ತಿತ್ತು. ಹೆಂಚಿನ ಸಂದಿ, ಗೋಡೆಯ ತೂತು ಇದ್ದಾಗ ಗೂಡಿಗೆ ಜಾಗವೂ ಇತ್ತು. ನಿವೇಶನದ ಅಂಚಿನವರೆಗೆ ಕಾಂಕ್ರೀಟು ಹಾಕಿ, ಗೋಡೆಗೆ ನುಣುಪು ಗಿಲಾವು ಮಾಡಿ ಮುಗಿಸಿದ ಮನೆಯಲ್ಲಿ ಸಂದಿಯೂ ಇಲ್ಲ, ಹುಳುವೂ ಇಲ್ಲ. ಗುಬ್ಬಿ ಕಡಿಮೆಯಾಗಲು ಇದೊಂದೇ ಕಾರಣವೆಂದು ಯಾರೂ ಹೇಳಲಾರರು. ಆದರೆ ಮರಿಯ ಹೊಟ್ಟೆಯ ಮಾತು ಗೊತ್ತಾದ ಮಗು, ಬಸವೇಶ್ವರನಗರದ ಮನೆಗಳಲ್ಲಿ ಪ್ರೀತಿಯಿಂದ ತೂಗುಹಾಕಿದ ಮರದ ಗೂಡು ಖಾಲಿ ಉಳಿದರೆ ಅದಕ್ಕೆ ಕಾರಣ ಎಲ್ಲಿ ಹುಡುಕಬೇಕೆಂದು ತಿಳಿಯುತ್ತದೆ. ಮುಖ್ಯವಾಗಿ, ಪಾರಿವಾಳ ಬುದ್ಧಿವಂತ, ಗುಬ್ಬಿ ದಡ್ಡ ಎಂದು ಅದು ತೀರ್ಮಾನಿಸುವುದಿಲ್ಲ. ಬೀದಿ ಬದಲಾಯಿತು, ಹೊಸ ಬೀದಿಗೆ ಬೇಕಾದದ್ದು ಒಂದರಲ್ಲಿ ಮೊದಲೇ ಇತ್ತು, ಇನ್ನೊಂದರಲ್ಲಿ ಇರಲಿಲ್ಲ.

'ಮೊದಲೇ ಇತ್ತು' ಎಂಬುದು ನಮ್ಮ ಪಾಠಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಮಾತು. ಮಕ್ಕಳು ಎಲ್ಲದರಲ್ಲೂ ಉದ್ದೇಶ ಹುಡುಕುತ್ತಾರೆ. ಬಾಸ್ಟನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಡೆಬೊರಾ ಕೆಲೆಮನ್ ಈ ಸ್ವಭಾವವನ್ನು ಬಹಳ ವರ್ಷ ಅಧ್ಯಯನ ಮಾಡಿದವರು. ಕಲ್ಲು ಏಕೆ ಚೂಪಾಗಿದೆ ಎಂದು ಕೇಳಿದರೆ, ಪ್ರಾಣಿಗಳು ಮೈ ಕೆರೆದುಕೊಳ್ಳಲಿ ಎಂದು ಎಂಬಂಥ ಉತ್ತರವೇ ಸಣ್ಣ ಮಕ್ಕಳಿಗೆ ಒಪ್ಪಿಗೆಯಾಗುತ್ತದೆ. ಇಂಥ ಮನಸ್ಸಿಗೆ ನಾವು 'ಮರಳಿನಲ್ಲಿ ನಡೆಯಲೆಂದು ಒಂಟೆಗೆ ಅಗಲವಾದ ಪಾದವಿದೆ' ಎಂದು ಹೇಳಿಕೊಟ್ಟರೆ, ಬೇಕು ಅನ್ನಿಸಿದಾಗ ಒಂಟೆ ಪಾದ ಬೆಳೆಸಿಕೊಂಡಿತು ಎಂದೇ ಅದು ತಿಳಿಯುತ್ತದೆ. ದೊಡ್ಡವರಾದ ಮೇಲೆ ತಿದ್ದಿಕೊಳ್ಳುತ್ತಾರೆ ಎಂದು ನಂಬಲು ನನಗೆ ಧೈರ್ಯವಿಲ್ಲ; ಎಷ್ಟೋ ವಿದ್ಯಾವಂತರು ಇಂದಿಗೂ ಹಾಗೆಯೇ ಮಾತಾಡುತ್ತಾರೆ. 2014ರಲ್ಲಿ ಕೆಲೆಮನ್ ಮತ್ತು ಸಂಗಡಿಗರು ಐದರಿಂದ ಎಂಟು ವರ್ಷದ ಮಕ್ಕಳಿಗಾಗಿ ಒಂದು ಚಿತ್ರಕತೆ ಮಾಡಿದರು. ಪಿಲೋಸಾ ಎಂಬ ಕಲ್ಪನೆಯ ಪ್ರಾಣಿ. ಕೆಲವಕ್ಕೆ ದಪ್ಪ ಸೊಂಡಿಲು, ಕೆಲವಕ್ಕೆ ತೆಳು ಸೊಂಡಿಲು. ಹವಾಮಾನ ಬದಲಾಗಿ, ಅವು ತಿನ್ನುವ ಹುಳುಗಳು ನೆಲದಡಿಯ ಕಿರಿದಾದ ಬಿಲಗಳಿಗೆ ಇಳಿದವು. ದಪ್ಪ ಸೊಂಡಿಲಿನವು ಆಹಾರ ಸಿಗದೆ ಹೆಚ್ಚಾಗಿ ಸತ್ತವು, ತೆಳು ಸೊಂಡಿಲಿನವು ಉಳಿದು ಮರಿಹಾಕಿದವು, ತಲೆಮಾರುಗಳ ನಂತರ ಗುಂಪಿನಲ್ಲಿ ತೆಳು ಸೊಂಡಿಲಿನವೇ ಹೆಚ್ಚಾದವು. ಮಕ್ಕಳು ಇದನ್ನು ಅರ್ಥಮಾಡಿಕೊಂಡರು. ಅಷ್ಟೇ ಅಲ್ಲ, ಬೇರೊಂದು ಪ್ರಾಣಿಯ ವಿಷಯಕ್ಕೂ ಅದೇ ತರ್ಕವನ್ನು ಹಚ್ಚಿದರು. ಸತ್ತವರನ್ನು ಕತೆಯಿಂದ ತೆಗೆದುಬಿಟ್ಟಿದ್ದರೆ ಆ ತರ್ಕವೇ ನಿಲ್ಲುತ್ತಿರಲಿಲ್ಲ.

ಇಷ್ಟು ಸಣ್ಣ ಮಕ್ಕಳಿಗೆ ಸಾವಿನ ಮಾತು ಏಕೆ ಎಂದು ಕೇಳುವ ತಾಯಂದಿರಿದ್ದಾರೆ, ಶಿಕ್ಷಕಿಯರೂ ಇದ್ದಾರೆ. ಅವರ ಆತಂಕವನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಗೋವಿನ ಹಾಡು ಕೇಳಿ ಬೆಳೆದ ನಾಡು ನಮ್ಮದು. ಹಸಿದ ಹುಲಿ, ಕರುವಿಗೆ ಹಾಲೂಡಿಸಿ ಮರಳಿ ಬಂದ ಹಸು, ಕೊನೆಗೆ ಪ್ರಾಣ ಬಿಡುವ ಹುಲಿ. ನಾಲ್ಕು ವರ್ಷದ ಮಗು ಅತ್ತುಕೊಂಡೇ ಇದನ್ನು ಕೇಳುತ್ತದೆ, ಮುಗಿದ ಮೇಲೆ ಇನ್ನೊಂದು ಸಲ ಹೇಳು ಎನ್ನುತ್ತದೆ. ರಸ್ತೆಯಲ್ಲಿ ಸತ್ತ ನಾಯಿಯನ್ನು, ಕಾಗೆ ಕಚ್ಚಿಕೊಂಡು ಹೋಗುವ ಅಳಿಲು ಮರಿಯನ್ನು ಮಕ್ಕಳು ಹೇಗೂ ನೋಡುತ್ತಾರೆ. ನೋಡಿದ್ದರ ಬಗ್ಗೆ ದೊಡ್ಡವರು ಬಾಯಿ ಬಿಡದಿದ್ದಾಗ ಅವರಿಗೆ ಆಗುವ ದಿಗಿಲೇ ಹೆಚ್ಚು.

ಪಶ್ಚಿಮ ಬೆಂಗಳೂರಿನ ಶಾಲೆಗಳು ಮಕ್ಕಳನ್ನು ಕರೆದೊಯ್ಯುವ ದೊಡ್ಡಾಲದ ಮರದಲ್ಲೂ ಸಾವಿನ ಮಾತು ಹೀಗೆಯೇ ಬಿಟ್ಟುಹೋಗುತ್ತದೆ. ಕೆಂಗೇರಿಯಾಚೆ, ರಾಮೋಹಳ್ಳಿಯ ಹತ್ತಿರ ಕೇತೋಹಳ್ಳಿಯಲ್ಲಿರುವ ಈ ಮರಕ್ಕೆ 400 ವರ್ಷವೆಂದೂ ಸುಮಾರು 3 ಎಕರೆ ಹರಡಿದೆಯೆಂದೂ ಮಕ್ಕಳು ಬರೆದುಕೊಳ್ಳುತ್ತಾರೆ, ಬುತ್ತಿ ಬಿಚ್ಚಿ ತಿನ್ನುತ್ತಾರೆ, ಕೋತಿ ನೋಡಿ ಕೂಗುತ್ತಾರೆ. ಆ ಮರದ ಮೂಲ ಬೊಡ್ಡೆ ಕೊಳೆತು ಹೋಗಿದೆ. ಈಗ ನಿಂತಿರುವುದು ಬಿಳಲುಗಳು ನೆಲ ಮುಟ್ಟಿ, ಬೇರೂರಿ, ಕಾಂಡಗಳೇ ಆದ ಮರ. ನಡು ಸತ್ತರೂ ಮರ ಸಾಯಲಿಲ್ಲ ಎಂಬುದಕ್ಕಿಂತ ದೊಡ್ಡ ಪಾಠ ಬೇರೆ ಯಾವ ಗಿಡದಲ್ಲಿ ಸಿಕ್ಕೀತು? ಅದೇ ಆಲದ ಇನ್ನೊಂದು ಮುಖವನ್ನೂ ಮಕ್ಕಳಿಗೆ ತೋರಿಸಬಹುದು. ಹಕ್ಕಿಯ ಹಿಕ್ಕೆಯಲ್ಲಿ ಬಂದ ಆಲದ ಬೀಜ ಎಷ್ಟೋ ಸಲ ಬೇರೊಂದು ಮರದ ಕವಲಿನಲ್ಲಿ ಮೊಳೆಯುತ್ತದೆ. ಮೇಲಿಂದಲೇ ಬೇರು ಇಳಿಬಿಟ್ಟು, ಆಸರೆ ಕೊಟ್ಟ ಮರವನ್ನು ಸುತ್ತಿ, ಕಾಲಕ್ರಮದಲ್ಲಿ ಅದನ್ನು ಮುಗಿಸಿಬಿಡುತ್ತದೆ. ಆಲ ಕೆಟ್ಟದ್ದೇ ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಕೇಳಲಿ. ಮರದ ಬದುಕಿಗೆ ಒಳ್ಳೆಯದು ಕೆಟ್ಟದ್ದು ಎಂಬ ನಮ್ಮ ಅಳತೆ ಒಗ್ಗುವುದಿಲ್ಲ ಎಂದು ಅಲ್ಲೇ ನೆರಳಲ್ಲಿ ಕೂತು ಮಾತಾಡಬಹುದು.

ಬೆಂಗಳೂರಿನಂಚಿನ ತುರಹಳ್ಳಿಯ ಬಂಡೆಗಳಲ್ಲಿ ಇನ್ನೊಂದು ಬಗೆಯ ಬದುಕಿದೆ. ಬೆಳಗಿನ ಬಿಸಿಲಿಗೆ ಕಲ್ಲಿನ ಮೇಲೆ ಮೈಚಾಚಿ, ಬಿಸಿಲೇರಿದಾಗ ಸಂದಿಗೆ ಸೇರುವ ಬಂಡೆ ಓತಿ. ಮಕ್ಕಳ ಬಾಯಲ್ಲಿ ಓತಿಕ್ಯಾತ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಓತಿಗಳ ಮೇಲೆ ಮಾಡಿದ, 2019ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹಳ್ಳಿಗಾಡಿನ ಓತಿಗಳಿಗಿಂತ ನಗರದಂಚಿನ ಓತಿಗಳು ಅಪಾಯ ಬಂದಾಗ ಸುರಕ್ಷಿತ ಅಡಗುತಾಣ ಯಾವುದೆಂಬುದನ್ನು ಬೇಗ ಕಲಿತವು. ಮೈಯಿಂದ ಬಂದ ಅನುಕೂಲ ಒಂದು, ಬದುಕಿನಲ್ಲಿ ಕಲಿತದ್ದು ಇನ್ನೊಂದು ಎಂಬ ವ್ಯತ್ಯಾಸ ತೋರಿಸಲು ಇದಕ್ಕಿಂತ ಹತ್ತಿರದ ಪ್ರಾಣಿ ಬೇಕಿಲ್ಲ. ಆದರೆ ಬಂಡೆಯನ್ನೇ ಸಿಡಿಸಿ ನಿವೇಶನ ಮಾಡಿದಲ್ಲಿ ಎಷ್ಟು ಜಾಣ ಓತಿಯೂ ಏನು ಕಲಿತೀತು ಎಂಬ ಪ್ರಶ್ನೆಯೂ ಜೊತೆಗೇ ಬರಬೇಕು.

ಇನ್ನು ವೃಷಭಾವತಿ. ಪಶ್ಚಿಮ ಬೆಂಗಳೂರಿನ ಮಕ್ಕಳಿಗೆ ಅದು ಮೂಗು ಮುಚ್ಚಿಕೊಳ್ಳುವ ಮೋರಿ. ಬಸವನಗುಡಿಯ ದೊಡ್ಡ ಬಸವಣ್ಣನ ಬಳಿ ಹುಟ್ಟುತ್ತದೆಂದು ನಂಬುವ, ಗಾಳಿ ಆಂಜನೇಯನ ಗುಡಿಯ ಪಕ್ಕ ಹಾದು, ಮೈಸೂರು ರಸ್ತೆಯ ಜೊತೆಜೊತೆಗೇ ಕೆಂಗೇರಿಗೆ ಬಂದು, ಬೈರಮಂಗಲದ ಕೆರೆ ತುಂಬಿ, ಅರ್ಕಾವತಿಯನ್ನು ಕೂಡಿ ಕಾವೇರಿಗೆ ಸೇರುವ ನದಿ ಇದು. ಇದರ ನೀರಿನಲ್ಲಿ ಮಿಂದ ಹಿರಿಯರು ಈ ಬಡಾವಣೆಗಳಲ್ಲಿ ಇನ್ನೂ ಇದ್ದಾರೆ. ಆವಾಸದ ಪಾಠಕ್ಕೆ ಕೆರೆ ಬೇಕು, ಕೊಳ ಬೇಕು, ತಾವರೆ ಬೇಕು, ಇದು ಬೇಡವೇ? ನನಗಂತೂ ಮೊದಲು ಇದೇ ಬೇಕು. ಕೊಳಚೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಕಿವಿರಿನಿಂದ ಉಸಿರಾಡುವ ಮೀನಿಗೆ ಉಳಿಯುವುದೇನೂ ಇಲ್ಲ. ಕಪ್ಪೆಯ ತೇವದ ಚರ್ಮ ಗಾಳಿಯ ಜೊತೆ ವಿಷವನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ನೆಲದಲ್ಲೂ ನೀರಲ್ಲೂ ಬದುಕಲು ನೆರವಾದ ಚರ್ಮವೇ ಇಲ್ಲಿ ಮುಳುವು. ಕ್ಯೂಲೆಕ್ಸ್ ಸೊಳ್ಳೆಯ ಮರಿಗೆ ಮಾತ್ರ ಚಿಂತೆಯಿಲ್ಲ. ಅದು ತಲೆಕೆಳಗಾಗಿ ತೂಗಿ, ಬಾಲದ ಕಡೆಯ ಉಸಿರುಕೊಳವೆಯನ್ನು ನೀರಿನ ಮೇಲ್ಮೈಗೆ ಚಾಚಿ, ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ತಳದ ಕೆಸರಿನಲ್ಲಿ ಬಾಳುವ ಕೆಂಪು ಹುಳುಗಳ ಮೈಯಲ್ಲಿ ನಮ್ಮ ರಕ್ತದಲ್ಲಿರುವಂಥದೇ ಹಿಮೋಗ್ಲೋಬಿನ್ ಇರುವುದರಿಂದ, ಅಲ್ಪಸ್ವಲ್ಪ ಆಮ್ಲಜನಕವನ್ನೂ ಅವು ಹಿಡಿದಿಟ್ಟುಕೊಳ್ಳುತ್ತವೆ. ಕೊಳಚೆ ನೀರಲ್ಲಿ ಸೊಳ್ಳೆ ಏಕೆ ಇಷ್ಟು, ಅದನ್ನು ತಿನ್ನುವ ಮೀನು ಏಕೆ ಇಲ್ಲ ಎಂಬುದಕ್ಕೆ ಮಗುವಿಗೆ ಇಲ್ಲಿ ಉತ್ತರವಿದೆ. ಮನೆಯಲ್ಲಿ ರಾತ್ರಿ ಸೊಳ್ಳೆಬತ್ತಿ ಹಚ್ಚುವುದಕ್ಕೂ ಈ ಪಾಠಕ್ಕೂ ನಂಟು ಸಿಗುತ್ತದೆ.

ಮಕ್ಕಳನ್ನು ಆ ನೀರಿನ ಹತ್ತಿರ ಇಳಿಸುವ ಮಾತೇ ಇಲ್ಲ. ವಿಜಯನಗರದಲ್ಲಿ ಮೆಟ್ರೊ ಹತ್ತಿ ಕೆಂಗೇರಿಯ ಕಡೆ ಹೊರಟರೆ ಕಿಟಕಿಯಿಂದಲೇ ನದಿಯ ಗುರುತು ಹಿಡಿಯಬಹುದು. ಸೊಳ್ಳೆ ಮರಿಯನ್ನು ಮುಚ್ಚಿದ ಗಾಜಿನ ಬಾಟಲಿಯಲ್ಲಿ ತರಗತಿಯಲ್ಲೇ ತೋರಿಸಬಹುದು.

ಹೊಸ ಬಗೆಯ ಪಾಠವೇನೂ ಇದಲ್ಲ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಮೇಷ್ಟರ ಪುಸ್ತಕ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ 'ನಲಿ ಕಲಿ' ಎಂಬ ಕಲಿಕಾ ಕ್ರಮ ಮಗುವಿನ ಸುತ್ತಲಿನದನ್ನೇ ಪಾಠ ಮಾಡಿಕೊಳ್ಳಲು ಹೊರಟಿತ್ತು. 1991ರಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಸರ ಶಿಕ್ಷಣವನ್ನು ಕಡ್ಡಾಯ ಮಾಡಬೇಕೆಂದಿತು. ವಿಷಯ ಬಂತು, ಅದರ ಹಿಂದೆ ಅಂಕವೂ ಬಂತು, ಅಂಕ ಹಾಕಲು ಸುಲಭವಾದ 'ಹೊಂದಿಸಿ ಬರೆಯಿರಿ'ಯೂ ಬಂತು. ನಲವತ್ತು ಐವತ್ತು ಮಕ್ಕಳ ತರಗತಿಯನ್ನು ಒಬ್ಬರೇ ನೋಡಿಕೊಳ್ಳುವ ಮಿಸ್‌ಗೆ ಎಲ್ಲವನ್ನೂ ಹೊರಿಸಿ ನಾವು ದೂರ ನಿಲ್ಲಬಾರದು. ಅವರಿಗೆ ಎಲ್ಲ ಹಕ್ಕಿಯ ಹೆಸರು ಗೊತ್ತಿರಬೇಕಾಗಿಲ್ಲ. ಇದಕ್ಕೆ ಏನು ಬೇಕು, ಇಲ್ಲಿ ಅದು ಸಿಗುತ್ತದೆಯೇ, ಸಿಗದಿದ್ದರೆ ಏನಾಗುತ್ತದೆ ಎಂದು ಕೇಳಿಸಿ, ಉತ್ತರಕ್ಕೆ ಒಂದು ವಾರ ಕಾಯುವಷ್ಟು ಬಿಡುವು ಅವರಿಗೆ ಸಿಕ್ಕರೆ ಸಾಕು.

ಪ್ರಶ್ನೆಪತ್ರಿಕೆಯಿಂದಲೇ ಶುರು ಮಾಡಬಹುದು, ಏಕೆಂದರೆ ಪರೀಕ್ಷೆಯಲ್ಲಿ ಕೇಳಿದ್ದು ತರಗತಿಯಲ್ಲಿ ತಾನಾಗಿ ಬರುತ್ತದೆ. ಮೂರನೇ ತರಗತಿಗೆ ನಾನು ಕೊಡಲು ಬಯಸುವ ಪ್ರಶ್ನೆ ಇಂಥದ್ದು: ನಿಮ್ಮ ಬೀದಿಯಲ್ಲಿ ಹಳೆಯ ಹೆಂಚಿನ ಮನೆ ಕೆಡವಿ, ಹಿತ್ತಲಿನ ಸೀಬೆ ಮರ ಕಡಿದು, ನಾಲ್ಕು ಅಂತಸ್ತಿನ ಮನೆ ಕಟ್ಟಿದ್ದಾರೆ. ಅಲ್ಲಿದ್ದ ಅಳಿಲು, ಹಲ್ಲಿ, ಗುಬ್ಬಿ, ಪಾರಿವಾಳ, ಕಂಬಳಿಹುಳು, ಇವುಗಳಲ್ಲಿ ಯಾವುದು ಉಳಿಯಬಹುದು, ಯಾವುದು ಹೋಗಬಹುದು? ಏಕೆ? ಇದಕ್ಕೆ ಸರಿಯುತ್ತರದ ಪಟ್ಟಿ ಇಟ್ಟುಕೊಳ್ಳುವುದು ಬೇಡ. ಹಲ್ಲಿ ಉಳಿಯುತ್ತದೆ, ದೀಪದ ಹತ್ತಿರ ಹುಳು ಬರುತ್ತವಲ್ಲ ಎಂದು ಬರೆದ ಮಗುವಿಗೂ, ಹಲ್ಲಿ ಹೋಗುತ್ತದೆ, ಹೊಸ ಗೋಡೆಯಲ್ಲಿ ಬಚ್ಚಿಟ್ಟುಕೊಳ್ಳಲು ಸಂದಿಯಿಲ್ಲ ಎಂದು ಬರೆದ ಮಗುವಿಗೂ ಪೂರ್ತಿ ಅಂಕ ಕೊಡಬೇಕು. ಆಮೇಲೆ ಇಬ್ಬರನ್ನೂ ಟಾರ್ಚ್ ಹಿಡಿಸಿ, ಅಪ್ಪ ಅಮ್ಮನ ಜೊತೆ, ರಾತ್ರಿ ಅಂಥದೊಂದು ಮನೆಯ ಗೋಡೆ ನೋಡಿಬರಲು ಕಳಿಸಬೇಕು.