ಅಂಕವಿಲ್ಲದ ಪ್ರಶ್ನೆ

ಕೃತಕ ಬುದ್ಧಿಮತ್ತೆ ಕಲಿಸುವ ಪ್ರತಿ ಪೇಪರಿನಲ್ಲೂ ‘ಇದು ತಪ್ಪಿದರೆ ಪೆಟ್ಟು ಯಾರಿಗೆ?’ ಎಂಬ ಪ್ರಶ್ನೆ ಇರಲಿ, ಅದಕ್ಕೆ ಅಂಕವೂ ಇರಲಿ ಎಂದಿದ್ದಕ್ಕೆ ಎಂಜಿನಿಯರಿಂಗ್ ಕಾಲೇಜಿನ ಮಿತ್ರರು ಮುನಿಸಿಕೊಂಡಿದ್ದಾರೆ.

ಮೌಲ್ಯ ಕಲಿಯುವುದು ಮನೆಯಲ್ಲಿ, ಕ್ಲಾಸಿನಲ್ಲಲ್ಲ ಎನ್ನುವುದು ಅವರ ಮೊದಲ ಮಾತು. ಕದಿಯಬಾರದೆಂದು ಅಪ್ಪ ಅಮ್ಮ ಹೇಳಿಕೊಟ್ಟೇ ಕಳಿಸಿರುತ್ತಾರೆ, ನಿಜ. ಆದರೆ 2018ರ ಮಾರ್ಚ್‌ನಲ್ಲಿ ಅಮೆರಿಕದ ಟೆಂಪೆಯಲ್ಲಿ, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯನ್ನು ಕೊಂದ ಉಬರ್‌ನ ಸ್ವಯಂಚಾಲಿತ ಕಾರನ್ನು ಕಟ್ಟಿದವರು ಕಳ್ಳರೂ ಅಲ್ಲ, ಕೇಡಿಗರೂ ಅಲ್ಲ. ಡಿಕ್ಕಿಗೆ 5 ಸೆಕೆಂಡಿಗೂ ಮೊದಲೇ ಆಕೆ ಸೆನ್ಸರಿಗೆ ಕಂಡಿದ್ದರು. ತಂತ್ರಾಂಶ ಒಮ್ಮೆ ವಾಹನ ಎಂದಿತು, ಒಮ್ಮೆ ಸೈಕಲ್ ಎಂದಿತು. ಹೀಗೆ ಬದಲಿಸಿದಾಗಲೆಲ್ಲ ಆಕೆ ಅದುವರೆಗೆ ಸಾಗಿಬಂದ ದಾರಿಯ ಲೆಕ್ಕ ಬಿಟ್ಟುಬಿಟ್ಟಿತು. ದಾಟುವ ಪಟ್ಟೆ ಇಲ್ಲದ ಕಡೆಯೂ ಜನ ರಸ್ತೆ ದಾಟಿಯಾರು ಎಂಬ ಎಣಿಕೆಯೇ ಅದರ ವಿನ್ಯಾಸದಲ್ಲಿರಲಿಲ್ಲವೆಂದು ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಹೇಳಿತು. (ಆ ಕಾರನ್ನು ನಮ್ಮ ಮೆಜೆಸ್ಟಿಕ್‌ಗೆ ಬಿಟ್ಟಿದ್ದರೆ!) ಯಾರನ್ನು ಎಣಿಕೆಗೆ ತೆಗೆದುಕೊಳ್ಳಬೇಕು ಎಂಬುದು ಡಿಸೈನ್ ಪಾಠ. ಅದನ್ನು ಯಾವ ಮನೆಯಲ್ಲಿ ಕಲಿಯಬೇಕು?

ಎಐ ಬರೀ ಕ್ಯಾಲ್ಕುಲೇಟರು, ಹೊಣೆ ಬಳಸುವವನದು ಎನ್ನುತ್ತಾರೆ. ಕ್ಯಾಲ್ಕುಲೇಟರು ಯಾರ ಕೈಗೆ ಕೊಟ್ಟರೂ ಏಳೆಂಟ್ಲಿ ಐವತ್ತಾರೇ. ಸಂಶೋಧಕಿಯರಾದ ಜಾಯ್ ಬುವೊಲಮ್ವಿನಿ, ಟಿಮ್ನಿಟ್ ಗೆಬ್ರು 2018ರ ಅಧ್ಯಯನದಲ್ಲಿ ಪರೀಕ್ಷಿಸಿದ, ಮುಖ ನೋಡಿ ಹೆಣ್ಣೋ ಗಂಡೋ ಹೇಳುವ ತಂತ್ರಾಂಶಗಳು ಬಿಳಿ ಬಣ್ಣದ ಗಂಡಸರಲ್ಲಿ ಎಡವಿದ್ದು ಹೆಚ್ಚೆಂದರೆ ಶೇ 0.8, ಕಪ್ಪು ಬಣ್ಣದ ಹೆಂಗಸರಲ್ಲಿ ಶೇ 34.7ರವರೆಗೆ. ಇದರಲ್ಲಿ ಬಳಸಿದವನ ತಪ್ಪೇನು?

ಮಾನವೀಯ ಮೌಲ್ಯಗಳ ಪೇಪರ್ ಈಗಾಗಲೇ ಇದೆಯಲ್ಲ ಎಂದವರಿಗೆ: ಇದೆ. ವಿಟಿಯು 2022ರ ಸ್ಕೀಮಿನಲ್ಲಿ ಅದಕ್ಕೆ 1 ಕ್ರೆಡಿಟ್. ಪೇಪರಿನ ಮೇಲೆ ನನಗೆ ಸಿಟ್ಟಿಲ್ಲ. ಅಲ್ಲಿ ಓದಿದ್ದು ಮೆಷಿನ್ ಲರ್ನಿಂಗ್ ಲ್ಯಾಬಿನ ಹೊಸ್ತಿಲು ದಾಟುವುದಿಲ್ಲ ಎಂಬುದೇ ನನ್ನ ತಕರಾರು.

ಇನ್ನೊಂದು ತುದಿಯವರು ಚಾಟ್‌ಜಿಪಿಟಿಯನ್ನೇ ಕಾಲೇಜಿನಿಂದ ಓಡಿಸಿ ಎನ್ನುತ್ತಾರೆ. ಹಾಸ್ಟೆಲಿನಲ್ಲಿ ಕಾಯುವವರು ಯಾರು? ತಂದ ಕೋಡನ್ನು ವೈವಾದಲ್ಲಿ ಸಾಲುಸಾಲಾಗಿ ಬಿಡಿಸಿ ಹೇಳಲಿ, ಸಾಕು.

ಕೊನೆಗೆ ಪ್ಲೇಸ್‌ಮೆಂಟ್: ಕಂಪನಿಗಳಿಗೆ ಬೇಕಾದ್ದು ಕೋಡ್, ಮೌಲ್ಯವಲ್ಲ ಎಂಬ ವಾದ. ಐರೋಪ್ಯ ಒಕ್ಕೂಟದ 2024ರ ಎಐ ಕಾಯ್ದೆ ಉದ್ಯೋಗದ ಅರ್ಜಿ ಸೋಸುವ ತಂತ್ರಾಂಶಗಳನ್ನು ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿದೆ. ದತ್ತಾಂಶದಲ್ಲಿ ಪಕ್ಷಪಾತವಿದೆಯೇ ಎಂದು ತಪಾಸಣೆ ಮಾಡಿ ದಾಖಲೆ ಇಡಬೇಕು ಎನ್ನುತ್ತದೆ. ತಂತ್ರಾಂಶ ಬೆಂಗಳೂರಿನದಾದರೂ ಅಲ್ಲಿ ಬಳಕೆಯಾದರೆ ಬಿಡುವುದಿಲ್ಲ. ಆ ತಪಾಸಣೆ ಬಲ್ಲ ಹುಡುಗ ಹುಡುಗಿಯರನ್ನು ಕಂಪನಿಗಳು ಎಲ್ಲಿಂದ ತರಬೇಕು ಎಂಬುದನ್ನು ಪ್ಲೇಸ್‌ಮೆಂಟ್ ಅಧಿಕಾರಿಗಳೇ ಹೇಳಲಿ.