ಕೊಡಚಾದ್ರಿ ಓಡಿಹೋಗೋದಿಲ್ಲ!

ಬೇಸಿಗೆ ರಜೆ ಬಂತೆಂದರೆ ಶಿವಮೊಗ್ಗ ಜಿಲ್ಲೆಯ ಅಪ್ಪಂದಿರಿಗೆ ಮಕ್ಕಳನ್ನು ಕಟ್ಟಿಕೊಂಡು ಬೆಟ್ಟ ಹತ್ತುವ ಹುಮ್ಮಸ್ಸು. ಒಳ್ಳೆಯದೇ. ಮಲೆನಾಡಿನ ಮಕ್ಕಳು ಮಲೆಯನ್ನೇ ಕಾಣದೆ ಬೆಳೆಯಬಾರದು. ಆದರೆ ಹೊರಡುವ ಮುನ್ನ ಒಂದಿಷ್ಟು ಲೆಕ್ಕಾಚಾರ ಬೇಡವೇ?

ಕೊಡಚಾದ್ರಿಯ ಎತ್ತರ 1,343 ಮೀಟರ್. ಅಪ್ಪನ ಕಾಲಳತೆ ಬೇರೆ, ಆರು ವರ್ಷದ ಮಗುವಿನ ಕಾಲಳತೆ ಬೇರೆ. ಅರ್ಧ ದಾರಿಯಲ್ಲಿ 'ಎತ್ಕೋ ಅಪ್ಪಾ' ಎಂದರೆ ಬುತ್ತಿ, ನೀರು ಹೊರುವವರು ಯಾರು? ಮೊದಲು ಊರ ಹಿಂದಿನ ಗುಡ್ಡ ಹತ್ತಿಸಿ ನೋಡಲಿ. ಅಭಯಾರಣ್ಯದೊಳಗೆ ಡೇರೆ ಹಾಕುವ ಆಸೆಯಿದ್ದರೆ ಅರಣ್ಯ ಇಲಾಖೆಯನ್ನು ಮೊದಲೇ ಕೇಳಲಿ.

ಎಲ್ಲಕ್ಕಿಂತ ದೊಡ್ಡ ಮಾತು ಉಣುಗಿನದು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗಿನ ಕಾಟ ಚಳಿಗಾಲದಿಂದ ಮೇವರೆಗೂ ಉಂಟು. ಅಂದರೆ ಬೇಸಿಗೆ ರಜೆಯೂ ಅದರೊಳಗೇ ಬಂತು. ಮಳೆಗಾಲಕ್ಕೆ ದೂಡಿದರೆ ಇಂಬಳ, ಜಾರುವ ಬಂಡೆ. ಮಳೆ ಹೊಳವಾದರೆ ದಸರಾ ರಜೆಯೇ ವಾಸಿ.

ಬೇಸಿಗೆಯಲ್ಲೇ ಹೋಗುವುದಾದರೆ ಮಕ್ಕಳಿಗೆ ತುಂಬುತೋಳಿನ ಅಂಗಿ, ಉದ್ದ ಚಡ್ಡಿ ಇರಲಿ. ತರಗೆಲೆಯ ಮೇಲೆ ಕೂರಿಸಬೇಡಿ. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿಸಿ, ಕಿವಿಯ ಹಿಂದೆ, ಕಂಕುಳಲ್ಲಿ ಹುಡುಕಿ. ಆಮೇಲೆ ಜ್ವರ ಬಂದರೆ 'ಕಾಡಿಗೆ ಹೋಗಿದ್ವಿ' ಅಂತ ಡಾಕ್ಟರಿಗೆ ತಪ್ಪದೆ ಹೇಳಿ.

ಇಲಾಖೆಯವರೂ ಬೆಟ್ಟದ ಬುಡದಲ್ಲೇ ಈ ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಬರೆಸಿ ನಿಲ್ಲಿಸಬೇಕು. ಬೋರ್ಡೊಂದಕ್ಕೆ ಎಷ್ಟು ಖರ್ಚಾದೀತು?

ಮಗು ಸೋತರೆ ಅಲ್ಲಿಂದಲೇ ತಿರುಗಿ ಬನ್ನಿ. ಬೆಟ್ಟ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.