ಚರ್ಚಿಲ್ಲರ ಮೊದಲ ಗ್ರಂಥಗಳು

ರಾಜ್ಯಭಾರದ ಹೊಣೆಯನ್ನು ಹೊತ್ತ ಲೇಖಕರ ವಿಷಯದಲ್ಲಿ ಒಂದು ಮಾತು ನಿಜ. ಅಧಿಕಾರ ಕೈಗೂಡಿದ ಮೇಲೆ ಬರೆದ ಗ್ರಂಥಗಳಿಗಿಂತ, ಅದರ ನೆರಳು ಬೀಳುವ ಮುನ್ನ ಬರೆದವು ಅವರ ಅಂತರಂಗವನ್ನು ಹೆಚ್ಚು ನಿಚ್ಚಳವಾಗಿ ತೋರಿಸುತ್ತವೆ. ಬ್ರಿಟನ್ನಿನ ಪ್ರಧಾನಮಂತ್ರಿಯಾಗಿದ್ದು, 1953ರಲ್ಲಿ ಸಾಹಿತ್ಯಕ್ಕಾಗಿ ನೊಬೆಲ್ ಪಾರಿತೋಷಕವನ್ನು ಪಡೆದ ವಿನ್‌ಸ್ಟನ್ ಚರ್ಚಿಲ್ಲರ ಆರಂಭದ ಕೃತಿಗಳು ಇದಕ್ಕೆ ತಕ್ಕ ನಿದರ್ಶನ.

ಬೆಂಗಳೂರಿನಲ್ಲಿ ಚರ್ಚಿಲ್ಲರ ಹೆಸರೆತ್ತಿದೊಡನೆ, ಕ್ಲಬ್ಬಿನ ಹಳೆಯ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರಿನಲ್ಲಿ ಉಳಿದುಹೋದ 13 ರೂಪಾಯಿ ಬಾಕಿಯ ಕಥೆ ಕೇಳಿಬರುತ್ತದೆ. ಆದರೆ ಆ ಊರಿಗೆ ಅವರು ಸಲ್ಲಿಸಬೇಕಾಗಿದ್ದ ನಿಜವಾದ ಋಣ ಬೇರೆಯೇ ಆಗಿದೆ. 1896ರಲ್ಲಿ ನಾಲ್ಕನೆಯ ಹುಸಾರ್ಸ್ ಅಶ್ವದಳದ ಕಿರಿಯ ಅಧಿಕಾರಿಯಾಗಿ ಬಂದಿಳಿದಾಗ ಅವರಿಗೆ ಇನ್ನೂ 22 ತುಂಬಿರಲಿಲ್ಲ. ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಎರಡು ಬಾರಿ ಸೋತು ಮೂರನೆಯ ಬಾರಿಗೆ ಗೆದ್ದವರು. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಹತ್ತಿದವರಲ್ಲ. ತಮ್ಮ ಅರಿವಿನ ಕೊರತೆಯನ್ನು ಮನಗಂಡ ಆ ತರುಣರು, ಬೆಳಗಿನ ಕವಾಯತು ಮುಗಿದು ಸಂಜೆಯ ಪೋಲೋ ಆಟ ಆರಂಭವಾಗುವವರೆಗಿನ ಬಿಡುವನ್ನು ಓದಿಗೆ ಮೀಸಲಿಟ್ಟರು. ತಾಯಿ ಇಂಗ್ಲೆಂಡಿನಿಂದ ಪುಸ್ತಕಗಳನ್ನು ಕಳುಹಿಸುತ್ತಿದ್ದರು. ಗಿಬ್ಬನ್, ಮೆಕಾಲೆ, ಪ್ಲೇಟೊ, ಡಾರ್ವಿನ್ ಮೊದಲಾದವರ ಗ್ರಂಥಗಳನ್ನು ದಿನಕ್ಕೆ ನಾಲ್ಕೈದು ಗಂಟೆ ಓದಿದರು. ಪಾರ್ಲಿಮೆಂಟಿನ ಹಳೆಯ ಚರ್ಚೆಗಳನ್ನೊಳಗೊಂಡ ವಾರ್ಷಿಕ ಸಂಪುಟಗಳನ್ನು ತರಿಸಿಕೊಂಡು, ಒಂದೊಂದು ವಿಷಯದಲ್ಲಿಯೂ ಮೊದಲು ತಮ್ಮ ಅಭಿಪ್ರಾಯವನ್ನು ಬರೆದಿಟ್ಟು, ಅನಂತರವೇ ಅಂದಿನವರ ವಾದಗಳನ್ನು ಓದುತ್ತಿದ್ದರು. ಯಾವ ಉಪಾಧ್ಯಾಯರೂ ವಿಧಿಸದ ಅಭ್ಯಾಸವಿದು.

ಈ ಓದಿನ ಫಲ ಬೇಗನೆ ಕಾಣಿಸಿತು. 1897ರಲ್ಲಿ ರಜೆ ಪಡೆದು ವಾಯವ್ಯ ಗಡಿಯ ಯುದ್ಧಕ್ಕೆ ಹೋಗಿ, ಪತ್ರಿಕೆಗಳಿಗೆ ವರದಿ ಬರೆದು, ಬೆಂಗಳೂರಿಗೆ ಮರಳಿ ಮಲಾಕಂಡ್ ಸೈನ್ಯದ ವೃತ್ತಾಂತವನ್ನು ಗ್ರಂಥವಾಗಿ ರಚಿಸಿದರು. 1898ರಲ್ಲಿ ಅದು ಪ್ರಕಟವಾಯಿತು. ‘ಸವ್ರೋಲ’ ಎಂಬ ಕಾದಂಬರಿಯೂ ಈ ವರ್ಷಗಳದೇ. ಅದನ್ನು ಓದಬೇಡಿರೆಂದು ಮುಂದೆ ಮಿತ್ರರಿಗೆ ತಾವೇ ಹೇಳುತ್ತಿದ್ದರು. ಸುಡಾನಿನ ಯುದ್ಧವನ್ನು ಕುರಿತ ‘ದಿ ರಿವರ್ ವಾರ್’ 1899ರಲ್ಲಿ ಎರಡು ಸಂಪುಟಗಳಲ್ಲಿ ಹೊರಬಂದಿತು. ದಕ್ಷಿಣ ಆಫ್ರಿಕದ ಯುದ್ಧದ ಮೇಲೆ 1900ರಲ್ಲಿ ಮತ್ತೆರಡು ಗ್ರಂಥಗಳು ಬಂದವು. ಹೀಗೆ 26 ತುಂಬುವುದರೊಳಗೆ ಐದು ಪುಸ್ತಕಗಳು!

ಇವುಗಳಲ್ಲಿ ಹೆಚ್ಚಿನ ವಿಚಾರಕ್ಕೆ ಅರ್ಹವಾದುದು ‘ದಿ ರಿವರ್ ವಾರ್’. 1898ರ ಸೆಪ್ಟೆಂಬರಿನಲ್ಲಿ ಓಂಡುರ್ಮನ್ ಕದನವನ್ನು ಗೆದ್ದ ಸೇನಾಪತಿ ಕಿಚೆನರ್ ಇಂಗ್ಲೆಂಡಿನ ಕಣ್ಮಣಿಯಾಗಿದ್ದ ಕಾಲವದು. ಆದರೂ ಗಾಯಗೊಂಡು ಬಿದ್ದಿದ್ದ ಶತ್ರುಗಳನ್ನು ಕೊಂದುದನ್ನೂ, ಮಹದಿಯ ಗೋರಿಯನ್ನು ಕೆಡವಿ ಶವವನ್ನು ಅವಮಾನಿಸಿದುದನ್ನೂ ಈ ಕಿರಿಯ ಅಧಿಕಾರಿ ಅಚ್ಚಿನಲ್ಲಿ ಖಂಡಿಸಿದರು. ಅದೇ ಲೇಖನಿ ಮಲಾಕಂಡಿನ ಗ್ರಂಥದಲ್ಲಿ ಗಡಿಯ ಹಳ್ಳಿಗಳನ್ನು ಸುಟ್ಟುದನ್ನು ಸಮರ್ಥಿಸಿತ್ತು. ಸುಡಾನಿನ ಗ್ರಂಥದಲ್ಲಿಯೂ ಸೋತವರ ಧರ್ಮವನ್ನು ಕುರಿತು ಕಠೋರವಾದ, ಪೂರ್ವಗ್ರಹದಿಂದ ಕೂಡಿದ ಮಾತುಗಳಿದ್ದವು. ಸತ್ಯನಿಷ್ಠೆ ಮತ್ತು ಸಾಮ್ರಾಜ್ಯದ ದರ್ಪ ಒಂದೇ ಹೃದಯದಲ್ಲಿ ನೆಲೆಸಿದ್ದವು.

1900ರಲ್ಲಿ ಚರ್ಚಿಲ್ಲರು ಪಾರ್ಲಿಮೆಂಟಿನ ಸದಸ್ಯರಾದರು. 1902ರಲ್ಲಿ ಅದೇ ಗ್ರಂಥ ಒಂದು ಸಂಪುಟಕ್ಕೆ ಇಳಿದು ಪುನಃ ಮುದ್ರಣವಾದಾಗ, ಕಿಚೆನರರ ಮೇಲಿನ ಟೀಕೆ ಬಹುಮಟ್ಟಿಗೆ ಕಾಣೆಯಾಗಿತ್ತು. ಪರಧರ್ಮವನ್ನು ಹಳಿದ ಮಾತೂ ಇರಲಿಲ್ಲ. ಸಂಕ್ಷೇಪಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಓದುಗನಿಗೆ ಆದ ನಷ್ಟ ಎರಡು ಬಗೆಯದು: ಲೇಖಕರ ಧೈರ್ಯವೂ ಮರೆಯಾಯಿತು, ದೋಷವೂ ಮರೆಯಾಯಿತು. ಉಳಿದುದು ರಾಜಕಾರಣಿಗೆ ಒಪ್ಪುವ ನಯವಾದ ಪುಸ್ತಕ.

ಪರಕೀಯ ಪ್ರಭುತ್ವವನ್ನು ಹೊಗಳಿದವನ ಗ್ರಂಥಗಳನ್ನು ಭಾರತೀಯರೇಕೆ ಓದಬೇಕೆಂದು ಕೇಳುವವರುಂಟು. ಈ ಪ್ರಶ್ನೆ ಅಲ್ಲಗಳೆಯತಕ್ಕದ್ದಲ್ಲ. ಭಾರತದ ಸ್ವಾಯತ್ತತೆಯನ್ನು 1930ರ ದಶಕದಲ್ಲಿ ಹಟದಿಂದ ವಿರೋಧಿಸಿದವರು ಅವರೇ. 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಅಸುನೀಗುತ್ತಿದ್ದಾಗ ಧಾನ್ಯ ಕಳುಹಿಸಲು ಹಿಂಜರಿದುದು ಅವರ ಸರ್ಕಾರವೇ. ಬೆಂಗಳೂರಿನಲ್ಲಿ ಅಷ್ಟು ಓದಿದವರಿಗೆ ಆ ನಾಡಿನ ಜನರ ಬದುಕನ್ನು ಅರಿಯುವ ಕುತೂಹಲ ಹುಟ್ಟಲಿಲ್ಲ. ಅವರ ಪುಸ್ತಕಗಳೆಲ್ಲ ಹಡಗಿನಲ್ಲಿ ಬಂದವು. ಬಂಗಲೆಯ ಆವರಣದಾಚೆಯ ಕನ್ನಡದ ದನಿ ಅವರ ಅಧ್ಯಯನದೊಳಕ್ಕೆ ಪ್ರವೇಶಿಸಲಿಲ್ಲ. ಓದು ಬುದ್ಧಿಯನ್ನು ಹರಿತಗೊಳಿಸೀತು. ಕರುಣೆಯನ್ನು ತಾನಾಗಿಯೇ ತಂದುಕೊಡಲಾರದು.

ಆದುದರಿಂದಲೇ ಆ ಗ್ರಂಥಗಳನ್ನು ಓದಬೇಕು, ಕತ್ತರಿಸದ ಪಾಠದಲ್ಲಿಯೇ ಓದಬೇಕು. ವಿದ್ಯಾರ್ಥಿಗೆ ಮಹಾಪುರುಷರ ನಯಗೊಳಿಸಿದ ಚಿತ್ರವನ್ನಷ್ಟೇ ಕೊಡುವ ಶಿಕ್ಷಣ 1902ರ ಮುದ್ರಣದಂತೆಯೇ ಅಪೂರ್ಣ. ಶಾಲೆಯ ಪುಸ್ತಕ ಭಂಡಾರಕ್ಕೆ ನೆರವು ನೀಡುವ ಮಹನೀಯರು ಸಂಕ್ಷಿಪ್ತ ಜೀವನ ಚರಿತ್ರೆಗಳ ಬದಲು ಮೂಲಗ್ರಂಥಗಳನ್ನು ಒದಗಿಸಲಿ. ಉಪಾಧ್ಯಾಯರು ಬೆಂಗಳೂರಿನ ಆ ತರುಣರ ಒಂದು ಅಭ್ಯಾಸವನ್ನು ತರಗತಿಗೆ ತರಲಿ: ಪಾಠವನ್ನು ವಿವರಿಸುವ ಮುನ್ನ, ಆ ವಿಷಯದಲ್ಲಿ ಹುಡುಗನ ಸ್ವಂತ ಅಭಿಪ್ರಾಯವನ್ನು ನಾಲ್ಕು ಸಾಲಿನಲ್ಲಿ ಬರೆಸಲಿ. ಅಚ್ಚಾದುದನ್ನೆಲ್ಲ ಸತ್ಯವೆಂದು ಒಪ್ಪದ ಮನಸ್ಸು ಅಂತಹ ಸಾಲುಗಳಲ್ಲಿಯೇ ಬೆಳೆಯತೊಡಗುತ್ತದೆ.